ಡಾಕ್‌ಸ್ಟ್ರಿಂಗ್ ಹೆಕ್ಕಲು ಯಾವುದು ವಾಸಿ? ಇನ್‌ಸ್ಪೆಕ್ಟ್, ಎಎಸ್‌ಟಿ, ಟ್ರೀ-ಸಿಟರ್

ಕೋಡಿನ ಒಳಗೇ ಬರೆದಿಟ್ಟ ವಿವರಣೆಯನ್ನೆಲ್ಲ (ಪೈಥಾನ್‌ನಲ್ಲಿ ಫಂಕ್ಷನ್ ಅಥವಾ ಕ್ಲಾಸಿನ ಶುರುವಿನಲ್ಲೇ ಕೋಟ್ ಒಳಗೆ ಬರೆಯುವ ಇದಕ್ಕೆ ಡಾಕ್‌ಸ್ಟ್ರಿಂಗ್ ಅನ್ನುತ್ತಾರೆ) ಹೆಕ್ಕಿ ಒಂದು ಕಡೆ ಪುಟವಾಗಿ ಜೋಡಿಸುವ ಕೆಲಸ ನನಗೆ ಆಗಾಗ ಬರುತ್ತದೆ. ಹೆಚ್ಚಾಗಿ ಪೈಥಾನ್, ಕೆಲವೊಮ್ಮೆ ಜೊತೆಗೆ ಗೋ, ಜಾವಾಸ್ಕ್ರಿಪ್ಟ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬರೀ ಪೈಥಾನ್ ಆದರೆ ಎಎಸ್‌ಟಿ (ಕೋಡಿನ ರಚನೆಯನ್ನು ಮರದಂತೆ ಜೋಡಿಸಿ ಕೊಡುವ ಪೈಥಾನ್ ಮಾಡ್ಯೂಲ್) ಸಾಕು. ನಾಲ್ಕಾರು ಭಾಷೆ ಬೆರೆತಿದ್ದರೆ ಅಥವಾ ಅರ್ಧಂಬರ್ಧ ಕೋಡ್ ಇದ್ದರೆ ಮಾತ್ರ ಟ್ರೀ-ಸಿಟರ್, ಅಂದರೆ ಹಲವು ಭಾಷೆಗಳ ಕೋಡನ್ನು ಹೀಗೇ ಮರವಾಗಿ ಓದುವ ಟೂಲ್.

ರೆಜೆಕ್ಸ್ (ಪಠ್ಯದಲ್ಲಿ ಒಂದು ಮಾದರಿ ಕೊಟ್ಟು ಹುಡುಕುವುದು) ಸುದ್ದಿಗೆ ಹೋಗಲೇಬೇಡಿ. ಮೂರು ಕೋಟ್ ಕಂಡಲ್ಲೆಲ್ಲ ಅದಕ್ಕೆ ಡಾಕ್‌ಸ್ಟ್ರಿಂಗೇ, ಫಂಕ್ಷನ್ ಮಧ್ಯೆ ಕೂತ ಎಸ್‌ಕ್ಯೂಎಲ್ ಕ್ವೆರಿಯನ್ನೂ ಎತ್ತಿಕೊಂಡು ಬರುತ್ತದೆ.

ಪೈಥಾನ್‌ನದೇ ಇನ್‌ಸ್ಪೆಕ್ಟ್ ಮಾಡ್ಯೂಲ್ ಬಳಸುವುದು ತುಂಬಾ ಸುಲಭ, ಆದರೆ ಮೊದಲು ಮಾಡ್ಯೂಲನ್ನು ಇಂಪೋರ್ಟ್ ಮಾಡಬೇಕು. ಇಂಪೋರ್ಟ್ ಅಂದರೆ ಕೋಡ್ ಓಡುತ್ತದೆ ಅಂತಲೇ ಅರ್ಥ. ಫೈಲಿನ ಮೇಲ್ಮಟ್ಟದಲ್ಲಿ ಯಾರೋ ಡೇಟಾಬೇಸ್ ಕನೆಕ್ಷನ್ ತೆರೆದಿದ್ದರೆ, ನೀವು ನಾಲ್ಕು ಸಾಲು ವಿವರಣೆ ಓದಲು ಹೋದಾಗ ಅದೂ ತೆರೆಯುತ್ತದೆ. ಬೇಕಾದ ಪ್ಯಾಕೇಜ್ ಇನ್‌ಸ್ಟಾಲ್ ಆಗಿಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಪರಿಚಯವಿಲ್ಲದ ಕೋಡಿನ ಮೇಲೆ ಇದನ್ನು ಓಡಿಸುವುದು ನನಗಂತೂ ಸರಿ ಕಾಣುವುದಿಲ್ಲ. ಡೆಕೊರೇಟರ್ (ಒಂದು ಫಂಕ್ಷನ್ನನ್ನು ಇನ್ನೊಂದರಲ್ಲಿ ಸುತ್ತಿಕೊಡುವ ಕೋಡ್) ಬರೆದವರು ಫಂಕ್‌ಟೂಲ್ಸ್‌ನ ‘ರ‍್ಯಾಪ್ಸ್’ ಹಾಕಿಲ್ಲದಿದ್ದರೆ ಮೂಲ ಫಂಕ್ಷನ್ನಿನ ವಿವರಣೆಯ ಬದಲು ಒಳಗಿನ ರ‍್ಯಾಪರ್ ಸಿಗುತ್ತದೆ, ಅದರಲ್ಲಿ ಸಾಮಾನ್ಯವಾಗಿ ಏನೂ ಬರೆದಿರುವುದಿಲ್ಲ. ಒಂದು ಗುಣ ಮಾತ್ರ ಬೇರೆ ಎರಡಕ್ಕೂ ಇಲ್ಲ: ಮೆಥಡ್‌ಗೆ ಸ್ವಂತ ವಿವರಣೆ ಇಲ್ಲದಿದ್ದರೆ ‘ಗೆಟ್‌ಡಾಕ್’ ಪೇರೆಂಟ್ ಕ್ಲಾಸಿಗೆ ಹೋಗಿ ಅಲ್ಲಿಂದ ತರುತ್ತದೆ.

ಎಎಸ್‌ಟಿ ಇದಕ್ಕೆ ಉಲ್ಟಾ. ಕೋಡನ್ನು ಬರೀ ಪಠ್ಯವಾಗಿ ಓದಿ ಮರ ಕಟ್ಟುತ್ತದೆ, ಏನನ್ನೂ ಓಡಿಸುವುದಿಲ್ಲ. ಪೈಥಾನ್ ಜೊತೆಗೇ ಬರುತ್ತದೆ, ಬೇರೆ ಇನ್‌ಸ್ಟಾಲ್ ಬೇಡ. ಫೈಲ್ ಪಾರ್ಸ್ ಮಾಡಿ, ‘ವಾಕ್’ ಮಾಡಿ, ಸಿಕ್ಕ ಕ್ಲಾಸ್ ಮತ್ತು ಫಂಕ್ಷನ್ ನೋಡ್‌ಗಳ (ಮರದ ಗಂಟುಗಳ) ಮೇಲೆ ‘ಗೆಟ್ ಡಾಕ್‌ಸ್ಟ್ರಿಂಗ್’ ಕರೆದರೆ ಮುಗಿಯಿತು. ಕೋಟ್ ಹೋಗಿರುತ್ತದೆ, ಸಾಲುಗಳ ಮುಂದಿನ ಇಂಡೆಂಟ್ ಕೂಡ ಸರಿಯಾಗಿ ಕತ್ತರಿಸಿರುತ್ತದೆ. ಎಫ್-ಸ್ಟ್ರಿಂಗ್ (ಒಳಗೆ ವೇರಿಯೇಬಲ್‌ಗಳ ಬೆಲೆ ತುಂಬಿಕೊಳ್ಳುವ ಸ್ಟ್ರಿಂಗ್) ಡಾಕ್‌ಸ್ಟ್ರಿಂಗ್ ಅಲ್ಲ ಅನ್ನುವಂಥ ಸೂಕ್ಷ್ಮವೂ ಅದಕ್ಕೆ ಗೊತ್ತು. ಇದು ಮಾಡ್ಯೂಲ್, ಕ್ಲಾಸ್, ಡೆಫ್, ಅಸಿಂಕ್ ಡೆಫ್ ಇಷ್ಟಕ್ಕೇ ನಡೆಯುತ್ತದೆ. ಬೇರೆ ನೋಡ್ ಕೊಟ್ಟರೆ ಟೈಪ್‌ಎರರ್.

ಕೊರತೆ ಎರಡು. ಹ್ಯಾಶ್ ಹಾಕಿ ಬರೆದ ಕಾಮೆಂಟ್ ಒಂದೂ ಮರದಲ್ಲಿ ಉಳಿಯುವುದಿಲ್ಲ. ವೇರಿಯೇಬಲ್ ಮೇಲೆ ಸ್ಫಿಂಕ್ಸ್ ಅನ್ನುವ ಡಾಕ್ಯುಮೆಂಟೇಶನ್ ಟೂಲಿಗಾಗಿ ಹ್ಯಾಶ್ ಮತ್ತು ಕೋಲನ್ ಹಾಕಿ ವಿವರಣೆ ಬರೆಯುತ್ತಾರಲ್ವಾ, ಅದು ಬೇಕಾದರೆ ‘ಟೋಕನೈಸ್’ ಮಾಡ್ಯೂಲಿನಿಂದ ಕಾಮೆಂಟ್‌ಗಳನ್ನು ತೆಗೆದು ಸಾಲಿನ ಸಂಖ್ಯೆ ಹಿಡಿದು ಹೊಂದಿಸಬೇಕು. ಎರಡನೆಯದು, ಒಂದು ಬ್ರ್ಯಾಕೆಟ್ ಮುಚ್ಚಿಲ್ಲದಿದ್ದರೂ ಸಿಂಟ್ಯಾಕ್ಸ್‌ಎರರ್ ಬಂದು ಇಡೀ ಫೈಲ್ ಹೋಗುತ್ತದೆ. ಪೈಥಾನ್ 2 ಕಾಲದ ಪ್ರಿಂಟ್ ಸಾಲು ಉಳಿದಿದ್ದರೂ ಇದೇ ಕಥೆ.

ಟ್ರೀ-ಸಿಟರ್ ಗೆಲ್ಲುವುದು ಇಲ್ಲೇ. ಎಡಿಟರ್‌ಗಳಿಗಾಗಿ ಮಾಡಿದ್ದರಿಂದ, ಟೈಪ್ ಮಾಡುತ್ತಿರುವ ಮುರುಕು ಕೋಡನ್ನೂ ಓದುತ್ತದೆ: ಹಾಳಾದ ಭಾಗಕ್ಕೆ ‘ಎರರ್’ ನೋಡ್ ಹಾಕಿ ಮುಂದೆ ಸಾಗುತ್ತದೆ. ಕಾಮೆಂಟ್‌ಗಳೂ ಮರದಲ್ಲೇ ಇರುತ್ತವೆ. ಆದರೆ ಡಾಕ್‌ಸ್ಟ್ರಿಂಗ್ ಅಂದರೆ ಏನು ಅಂತ ಅದಕ್ಕೆ ಗೊತ್ತಿಲ್ಲ, ನೀವೇ ಕ್ವೆರಿ (ಮರದಲ್ಲಿ ಏನು ಹುಡುಕಬೇಕು ಅನ್ನುವ ಮಾದರಿ) ಬರೆದು ಹೇಳಬೇಕು. ಪೈಥಾನ್‌ನಲ್ಲಿ ಬ್ಲಾಕಿನ ಮೊದಲ ಸ್ಟ್ರಿಂಗ್ ಅಂತ ಹುಡುಕಿ ಕೋಟ್ ಕೂಡ ನೀವೇ ತೆಗೆಯಬೇಕು. ಗೋದಲ್ಲಿ ಫಂಕ್ಷನ್ನಿನ ಮೇಲಿನ ಪ್ರತಿ ಕಾಮೆಂಟ್ ಸಾಲೂ ಬೇರೆ ಬೇರೆ ನೋಡ್. ಅವನ್ನು ಕೂಡಿಸಬೇಕು, ನಡುವೆ ಖಾಲಿ ಸಾಲು ಬಂದರೆ ಮೇಲಿನದ್ದು ಆ ಫಂಕ್ಷನ್ನಿನ ವಿವರಣೆ ಅಲ್ಲ ಅಂತ ಬಿಡಬೇಕು. ಇಷ್ಟನ್ನೆಲ್ಲ ಭಾಷೆ ಭಾಷೆಗೂ ಹೊಸದಾಗಿ ಮಾಡುವುದು ಸುಮ್ನೆ ಅಲ್ಲ.

ಕನ್ನಡದಲ್ಲಿ ಕಾಮೆಂಟ್ ಬರೆಯುವವರು ಇನ್ನೊಂದು ವಿಷಯ ಗಮನಿಸಲೇಬೇಕು. ಟ್ರೀ-ಸಿಟರ್ ಕೊಡುವ ಶುರು ಮತ್ತು ಕೊನೆಯ ಸ್ಥಾನ ಬೈಟ್ ಲೆಕ್ಕದಲ್ಲಿರುತ್ತದೆ, ಅಕ್ಷರದ ಲೆಕ್ಕದಲ್ಲಲ್ಲ. ಫೈಲಿನ ತಲೆಯಲ್ಲಿ ‘ಕನ್ನಡ’ ಅನ್ನುವ ಒಂದೇ ಪದ ಇದೆ ಅನ್ನಿ. ಅದು 5 ಯೂನಿಕೋಡ್ ಕ್ಯಾರೆಕ್ಟರ್, ಯುಟಿಎಫ್-8ರಲ್ಲಿ 15 ಬೈಟ್. ಆ ಸ್ಥಾನ ಹಿಡಿದು ಪೈಥಾನ್ ಸ್ಟ್ರಿಂಗನ್ನು ಕತ್ತರಿಸಿದರೆ ಕೆಳಗಿನದೆಲ್ಲ 10 ಕ್ಯಾರೆಕ್ಟರ್ ಜರುಗಿ ಬರುತ್ತದೆ. ಇಂಗ್ಲಿಷ್ ಫೈಲುಗಳಲ್ಲಿ ಎಲ್ಲ ಸರಿಯಾಗಿ ಕಾಣುವುದರಿಂದ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಮೊದಲು ಬೈಟ್‌ಗಳನ್ನೇ ಕತ್ತರಿಸಿ, ಆಮೇಲೆ ಡಿಕೋಡ್ ಮಾಡಿ. ಎಎಸ್‌ಟಿಯ ಕಾಲಮ್ ಸಂಖ್ಯೆಯೂ ಬೈಟ್ ಲೆಕ್ಕವೇ, ಆದರೆ ಅಲ್ಲಿ ವಿವರಣೆ ನೇರ ಸ್ಟ್ರಿಂಗ್ ಆಗಿ ಕೈಗೆ ಬರುವುದರಿಂದ ಈ ತಾಪತ್ರಯವಿಲ್ಲ.

ಇನ್ನು ವಿವರಣೆಯನ್ನು ಓದುವುದಷ್ಟೇ ಅಲ್ಲ, ತಿದ್ದಿ ಅದೇ ಫೈಲಿಗೆ ವಾಪಸ್ ಬರೆಯಬೇಕು ಅನ್ನುವವರಿಗೆ ಎಎಸ್‌ಟಿ ಆಗಿಬರುವುದಿಲ್ಲ, ಮರವನ್ನು ಮತ್ತೆ ಕೋಡಾಗಿಸಲು ‘ಅನ್‌ಪಾರ್ಸ್’ ಮಾಡಿದ ಕೂಡಲೇ ಕಾಮೆಂಟ್, ಖಾಲಿ ಸಾಲು ಎಲ್ಲ ಹೋಗಿರುತ್ತವೆ. ಅಂಥವರು ಇನ್‌ಸ್ಟಾಗ್ರಾಮ್‌ನವರ ಲಿಬ್‌ಸಿಎಸ್‌ಟಿ ಲೈಬ್ರರಿ ನೋಡಿ, ಅದು ಒಂದು ಸ್ಪೇಸನ್ನೂ ಕಳೆಯುವುದಿಲ್ಲ.