ಲ್ಯಾಬ್ ಸಾಫ್ಟ್‌ವೇರಿನ ಕ್ರಿಟಿಕಲ್ ಅಲರ್ಟ್: ಕ್ಯಾಲ್ಸಿಯಂ ವಿಷಯದಲ್ಲಿ ಮೂರು ವರ್ಷದ ಅನುಭವ

ಆಸ್ಪತ್ರೆ ಲ್ಯಾಬಲ್ಲಿ ಕೆಲಸ, ನೈಟ್ ಶಿಫ್ಟೇ ಜಾಸ್ತಿ. ರಿಪೋರ್ಟ್ ಅಪಾಯದ ಮಿತಿ ದಾಟಿದರೆ ವಾರ್ಡಿಗೆ ಫೋನ್ ಮಾಡಿ ಅಂತ ಎಚ್ಚರಿಸುವ ಈ ಅಲರ್ಟ್ ಮಾಡ್ಯೂಲ್ ಬಳಸಲು ಶುರುಮಾಡಿ ಮೂರು ವರ್ಷವಾಯಿತು. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ.

ಬಂದಾಗ ಟೋಟಲ್ ಕ್ಯಾಲ್ಸಿಯಂಗೆ (ರಕ್ತದಲ್ಲಿರುವ ಒಟ್ಟು ಕ್ಯಾಲ್ಸಿಯಂ, ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕ) ಅದರಲ್ಲೇ ಇದ್ದ ಮಿತಿ ಕೆಳಗೆ 7, ಮೇಲೆ 12. ಮೊದಲ ತಿಂಗಳು ಫೋನ್ ಹಿಡಿದೇ ಕೂತಿದ್ದೆವು. ಕ್ಯಾಲ್ಸಿಯಂ ಅಂಟಿಕೊಳ್ಳುವ ರಕ್ತದ ಪ್ರೋಟೀನ್ ಅಲ್ಬುಮಿನ್ 2ಕ್ಕೆ ಇಳಿದ ರೋಗಿಗೆ ಟೋಟಲ್ 6.4 ಬಂದರೂ, ಲೆಕ್ಕ ಹಾಕಿ ಸರಿಪಡಿಸಿದರೆ 8ರ ಹತ್ತಿರ ಬರುತ್ತದೆ. ವಾರ್ಡಿನವರು ಆಮೇಲಾಮೇಲೆ ನಮ್ಮ ಫೋನ್ ಅಂದರೆ "ಹೂಂ, ಹೂಂ" ಅಂತ ಇಟ್ಟುಬಿಡುತ್ತಿದ್ದರು. ಡಾಕ್ಟರ್‌ಗಳ ಜೊತೆ ಕೂತು 6 ಮತ್ತು 13 ಮಾಡಿಕೊಂಡೆವು. ಸರಿಪಡಿಸಿದ ಲೆಕ್ಕಕ್ಕೇ ಅಲರ್ಟ್ ಇಡೋಣ ಅಂತಲೂ ನೋಡಿದೆವು, ಆದರೆ ಐಸಿಯು ರೋಗಿಗಳಲ್ಲಿ ಆ ಸೂತ್ರವನ್ನು ನಂಬೋಕಾಗಲ್ಲ. ಅಲ್ಲಿ ಅಯಾನೈಸ್ಡ್ ಕ್ಯಾಲ್ಸಿಯಂ, ಅಂದರೆ ಯಾವುದಕ್ಕೂ ಅಂಟದೆ ಬಿಡಿಯಾಗಿರುವ ಭಾಗ, ಅಳೆಯುವುದೇ ಸರಿ.

ಅದರಲ್ಲೂ ಒಂದು ಎಡವಟ್ಟಾಯಿತು. ಮಿತಿ ತುಂಬುವ ಬಾಕ್ಸಿನ ಪಕ್ಕ ಯೂನಿಟ್ಟೇ ತೋರಿಸಲ್ಲ! ಅಯಾನೈಸ್ಡ್‌ಗೆ 0.8 ಮಿಲಿಮೋಲ್ ಅಂತ ಹಾಕಬೇಕಿದ್ದ ಕಡೆ ನಾನೇ ಮಿಲಿಗ್ರಾಂ ಲೆಕ್ಕದ 3.2 ಹಾಕಿದ್ದೆ. ನಾರ್ಮಲ್ 1.2 ಬಂದವರಿಗೂ ಕೆಂಪು. ಅರ್ಧ ಗಂಟೆ ಮೆಷಿನ್‌ಗೆ ಬೈದ ಮೇಲೆ ಗೊತ್ತಾಯಿತು, ತಪ್ಪು ನನ್ನದೇ ಅಂತ.

ಇಷ್ಟವಾಗಿದ್ದು ಒಂದಿದೆ: ಯಾರಿಗೆ, ಎಷ್ಟು ಹೊತ್ತಿಗೆ ಹೇಳಿದೆವು, ಅವರು ನಂಬರ್ ತಿರುಗಿ ಓದಿ ಹೇಳಿದರಾ ಅಂತ ತುಂಬದೆ ಅಲರ್ಟ್ ಮುಚ್ಚಲು ಬಿಡಲ್ಲ.

ಇಷ್ಟವಾಗದ್ದು, ಒಬ್ಬ ರೋಗಿಗೆ ಒಮ್ಮೆ ಅಲರ್ಟ್ ಹೋದರೆ 24 ಗಂಟೆ ಸುಮ್ಮನಿರುವ ಸೆಟ್ಟಿಂಗ್. ಡಯಾಲಿಸಿಸ್‌ನವರಿಗೆ ಅದು ಚೆನ್ನ. ಥೈರಾಯ್ಡ್ ಆಪರೇಷನ್ ಆದವರಿಗೆ ಬೆಳಿಗ್ಗೆ ಕ್ಯಾಲ್ಸಿಯಂ 5.9 ಇದ್ದದ್ದು ಸಂಜೆಗೆ 5.2 ಆದರೂ ಅದು ಬಾಯಿ ಬಿಡಲ್ಲ, ಕೈ ಸೆಟೆದುಕೊಳ್ಳುವ ಹೊತ್ತು ಅದು, ಇಸಿಜಿಯಲ್ಲಿ ಕ್ಯೂಟಿ (ಹೃದಯದ ಒಂದು ಬಡಿತದೊಳಗಿನ ಅಂತರ) ಉದ್ದವಾಗುವ ಹೊತ್ತು. ಇನ್ನೂ 0.5 ಇಳಿದರೆ ಮತ್ತೆ ಕೂಗು ಅನ್ನುವ ಆಯ್ಕೆ ಇದೆ, ಆದರೆ ಮೂರು ಮೆನು ಒಳಗೆ ಅಡಗಿದೆ. ಹೊಸಬರು ಮೊದಲ ದಿನವೇ ಹುಡುಕಿ ಆನ್ ಮಾಡಿಕೊಳ್ಳಿ.

ಮೂರನೇ ಸ್ಟಾರ್‌ಗೆ ನಿಲ್ಲಿಸಿದ್ದು ಇದಕ್ಕೆ. ಒಂದು ರಾತ್ರಿ ಕ್ಯಾಲ್ಸಿಯಂ 3.1, ಪೊಟ್ಯಾಸಿಯಂ 14. ಎರಡು ಬೇರೆಬೇರೆ ಅಲರ್ಟ್, ಎರಡು ಫೋನ್. ನರ್ಸ್ ಓಡಿ ಹೋಗಿ ನೋಡಿದರೆ ರೋಗಿ ಎದ್ದು ಕೂತು ಮಾತಾಡುತ್ತಿದ್ದಾರೆ. ಆಮೇಲೆ ಎಎಲ್‌ಪಿ ಅನ್ನುವ ಕಿಣ್ವದ ರಿಪೋರ್ಟ್ ನೋಡಿದೆ, ಅದೂ ಪಾತಾಳದಲ್ಲಿತ್ತು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನ ರಕ್ತವನ್ನು ಯಾರೋ ಇನ್ನೊಂದಕ್ಕೆ ಸುರಿದಿದ್ದರು; ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಆ ಇಡಿಟಿಎ ಕ್ಯಾಲ್ಸಿಯಂ ಹಿಡಿದುಬಿಡುತ್ತದೆ, ಅದರ ಪೊಟ್ಯಾಸಿಯಂ ರಕ್ತಕ್ಕೆ ಸೇರುತ್ತದೆ. ಹೊಸ ಸ್ಯಾಂಪಲ್‌ನಲ್ಲಿ 9.1, 4.3. ಈ ಮೂರನ್ನೂ ಒಟ್ಟಿಗೆ ನೋಡಿ "ಟ್ಯೂಬ್ ಚೆಕ್ ಮಾಡು" ಅನ್ನೋದು ಸಾಫ್ಟ್‌ವೇರ್‌ಗೆ ಕಷ್ಟದ ಕೆಲಸವೇನಲ್ಲ ಅಲ್ವಾ? ಕಂಪನಿಗೆ ಎರಡು ಸಲ ಬರೆದೆ. ಮುಂದಿನ ಅಪ್ಡೇಟ್‌ನಲ್ಲಿ ಅಂದರು. ಸದ್ಯಕ್ಕೆ ಮಾನಿಟರ್ ಅಂಚಿಗೆ ಚೀಟಿ ಅಂಟಿಸಿದ್ದೇವೆ: "ಕ್ಯಾಲ್ಸಿಯಂ ಬಿತ್ತಾ? ಪೊಟ್ಯಾಸಿಯಂ ನೋಡು."