ಬೋಟಲ್ಲಿ ಥರ್ಮಲ್ ಕ್ಯಾಮೆರಾ: ಮೂರು ವರ್ಷ ಬಳಸಿದ್ಮೇಲೆ

ವಸ್ತುಗಳ ಬಿಸಿಯನ್ನೇ ಚಿತ್ರ ಮಾಡಿ ತೋರ್ಸೋ ಈ ಕ್ಯಾಮೆರಾ ತಗೊಂಡ ಮೊದಲನೇ ರಾತ್ರಿ ಜಿಟಿಜಿಟಿ ಮಳೆ, ಹೊರಗೆ ಯಾರು ಹೋಗಿ ನೆನೀತಾರೆ ಅಂತ ಕ್ಯಾಬಿನ್ ಒಳಗೇ ಕೂತು ಕಿಟಕಿ ಗಾಜಿಗೆ ಕ್ಯಾಮೆರಾ ಹಿಡಿದೆ. ಸ್ಕ್ರೀನಲ್ಲಿ ಸಮುದ್ರ ಇಲ್ಲ ಏನಿಲ್ಲ, ಬೆಳ್ಳಗೆ ದೆವ್ವದ ಥರ ಒಂದು ಆಕಾರ ಕೂತಿದೆ. ನೋಡಿದ್ರೆ ನಾನೇ! ಪೀಸ್ ಡಿಫೆಕ್ಟು ಅಂದ್ಕೊಂಡು ವಾಪಸ್ ಮಾಡೋಕೆ ಡಬ್ಬಿನೂ ಹುಡುಕಿಟ್ಟೆ. ಆಮೇಲೆ ಗೊತ್ತಾಯ್ತು, ನಮ್ಮ ಕಣ್ಣಿಗೆ ಗಾಜು ಎಷ್ಟು ತಿಳಿಯೋ ಈ ಕ್ಯಾಮೆರಾಗೆ ಅದು ಅಷ್ಟೇ ದಪ್ಪ ಗೋಡೆ, ಅದೂ ಸ್ವಲ್ಪ ಕನ್ನಡಿ ಥರದ ಗೋಡೆ. ಅದಕ್ಕೇ ಇದರ ಲೆನ್ಸನ್ನ ಗಾಜಲ್ಲಿ ಮಾಡಲ್ಲ, ಹೆಚ್ಚಾಗಿ ಜರ್ಮೇನಿಯಂ ಹಾಕಿರ್ತಾರೆ, ಕೈಯಲ್ಲಿ ಹಿಡಿದ್ರೆ ಮುಂದಿನ ಭಾಗ ಭಾರ ಅನ್ಸೋಕೂ ಅದೇ ಕಾರಣ. ಕ್ಯಾಬಿನ್ ಒಳಗಿಂದ ಬೆಚ್ಚಗೆ ಕೂತು ನೋಡ್ಬೋದು ಅಂತ ಆಸೆ ಇದ್ರೆ ಮೊದಲೇ ಬಿಟ್ಬಿಡಿ.

ಎಲ್ರೂ ಇದನ್ನ ನೈಟ್ ವಿಷನ್ ಅಂತಾರೆ, ಅದು ಬೇರೆ ಸಾಮಾನು. ಇರೋ ಬೆಳಕನ್ನೇ ಹಿಗ್ಗಿಸಿ ಹಸಿರು ಚಿತ್ರ ಕೊಡೋ ಆ ಟ್ಯೂಬ್‌ಗೆ ನಕ್ಷತ್ರದ್ದಾದ್ರೂ ಸರಿ ಸ್ವಲ್ಪ ಬೆಳಕು ಬೇಕು, ದಡದ ದೀಪ ಎದುರಿಗೆ ಬಂದ್ರೆ ಕಷ್ಟ. ಇದಕ್ಕೆ ಬೆಳಕಿನ ಹಂಗೇ ಇಲ್ಲ. ಮನುಷ್ಯ, ಎಂಜಿನ್, ಬಂಡೆ, ನೀರು, ಎಲ್ಲಾನೂ ಅದರದರ ಬಿಸಿಗೆ ತಕ್ಕಂತೆ ಇನ್‌ಫ್ರಾರೆಡ್ ಕಿರಣ ಬಿಡ್ತಾನೇ ಇರತ್ತೆ, ನಮ್ಮ ಮೈಯಿಂದ ಬರೋದು ಸುಮಾರು 9-10 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಅಲೆಯುದ್ದದ ಹತ್ರ ಅತಿ ಜೋರಾಗಿರತ್ತೆ, ಕ್ಯಾಮೆರಾ ಹಿಡಿಯೋದು 8ರಿಂದ 14 ಮೈಕ್ರಾನ್. ಒಳಗೆ ಒಂದೊಂದು ಪಿಕ್ಸೆಲ್ಲೂ ಒಂದೊಂದು ಚಿಕ್ಕ ತೇಲುವ ಸೇತುವೆ ಇದ್ದಂಗೆ, ಕಿರಣ ಬಿದ್ದಾಗ ಒಂಚೂರು ಬಿಸಿಯಾಗತ್ತೆ, ಬಿಸಿಯಾದ್ರೆ ಅದರ ರೆಸಿಸ್ಟೆನ್ಸ್ ಬದಲಾಗತ್ತೆ, ಅದನ್ನ ಅಳೆದು ಚಿತ್ರ ಮಾಡ್ತಾರೆ. ನಂದು 320 ಗುಣಿಸು 240, ಅಂದ್ರೆ 76,800 ಪುಟಾಣಿ ಥರ್ಮಾಮೀಟರ್‌ಗಳು ಅನ್ಕೊಳ್ಳಿ, ಡಿಗ್ರಿಯ ಇಪ್ಪತ್ತರಲ್ಲಿ ಒಂದು ಭಾಗದ ವ್ಯತ್ಯಾಸಾನೂ ಬೇರೆ ಮಾಡಿ ತೋರ್ಸತ್ತೆ ಅಂತ ಸ್ಪೆಕ್ ಶೀಟ್ ಹೇಳತ್ತೆ.

ವ್ಯತ್ಯಾಸ ಅನ್ನೋದೇ ಇಲ್ಲಿ ಮುಖ್ಯ. ಅಕ್ಕಪಕ್ಕ ಎರಡು ವಸ್ತು ಒಂದೇ ಬಿಸಿ ಇದ್ರೆ ಇದರ ಲೆಕ್ಕದಲ್ಲಿ ಅಲ್ಲಿ ಎರಡು ವಸ್ತುನೇ ಇಲ್ಲ. ಒಂದ್ಸಲ ರಾತ್ರಿ ನಿಧಾನಕ್ಕೆ ಬರ್ತಾ ಇದ್ದಾಗ ನೀರಿನ ಮೇಲೆ ಒಂದು ಬಿಳಿ ಚುಕ್ಕೆ ಕಾಣಿಸ್ತು, ಹಕ್ಕಿ ಅಂತ ಆಕಾರದಲ್ಲೇ ಗೊತ್ತಾಗ್ತಿತ್ತು, ಆದ್ರೆ ಅದು ಈಜ್ತಾ ಇಲ್ಲ, ಅಲೆ ಬಂದಾಗ ಗಟ್ಟಿಯಾಗಿ ನಿಂತ್ಕೊಂಡೇ ಏಳ್ತಾ ಇಳೀತಾ ಇದೆ. ಏನೋ ಸರಿ ಇಲ್ಲ ಅನ್ಸಿ ಗೇರ್ ನ್ಯೂಟ್ರಲ್‌ಗೆ ಹಾಕಿ ಟಾರ್ಚ್ ಬಿಟ್ರೆ, ಹಕ್ಕಿ ಕೂತಿದ್ದು ನಮ್ಮ ಬೋಟ್‌ನ ಅರ್ಧ ಉದ್ದದ ಮರದ ದಿಮ್ಮಿ ಮೇಲೆ! ದಿಮ್ಮಿ ದಿನಗಟ್ಟಲೆ ನೆಂದು ನೀರಿನಷ್ಟೇ ತಣ್ಣಗಾಗಿತ್ತು, ಸ್ಕ್ರೀನಲ್ಲಿ ಗೆರೆಯಷ್ಟೂ ಇರ್ಲಿಲ್ಲ. ಅವತ್ತು ಬೋಟ್ ಉಳಿಸಿದ್ದು ಕ್ಯಾಮೆರಾನೋ ಹಕ್ಕಿನೋ ಅಂತ ಮನೇಲಿ ಇನ್ನೂ ವಾದ ನಡೀತಾನೇ ಇದೆ.

ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೆ ಮತ್ತೆ ಮುಳುಗೋ ಆಸುಪಾಸಲ್ಲಿ ಇದೇ ಕಥೆ. ಬೋಯ್ (ದಾರಿ ತೋರ್ಸೋಕೆ ನೀರಲ್ಲಿ ತೇಲಿಬಿಟ್ಟಿರೋ ಗುರುತು), ಬಂಡೆ ಎಲ್ಲ ಬಿಸಿಯಾಗ್ತಾನೋ ತಣ್ಣಗಾಗ್ತಾನೋ ನೀರಿನ ಬಿಸಿಯನ್ನ ದಾಟಿ ಹೋಗೋ ಒಂದು ಹೊತ್ತು ಬರತ್ತೆ, ಆವಾಗ ಎಲ್ಲಾ ಬೂದಿ ಬಣ್ಣದ ಗಂಜಿ. ನೀರಿನ ಒಳಗೆ ಇರೋದಂತೂ ಕೇಳ್ಲೇಬೇಡಿ, ಈ ಕಿರಣನ ನೀರು ಮೇಲ್ಮೈಯಲ್ಲೇ ಹೀರ್ಕೊಳ್ಳತ್ತೆ, ಒಂದು ಗೇಣು ಕೆಳಗೆ ಬಂಡೆ ಇದ್ರೂ ಕಾಣಲ್ಲ. ತೆಳು ಮಬ್ಬಲ್ಲಿ ಕಣ್ಣಿಗಿಂತ ವಾಸಿ, ಒದ್ದೆ ಒದ್ದೆ ದಟ್ಟ ಮಂಜಲ್ಲಿ, ಜೋರು ಮಳೇಲಿ ಕಣ್ಣಿನ ಹಣೆಬರಹನೇ ಇದಕ್ಕೂ. ರಾಡಾರ್ ಕೆಲಸ ಇದು ಮಾಡಲ್ಲ.

ದೂರದ ವಿಷ್ಯಕ್ಕೆ ಬರ್ತೀನಿ, ನಂಗೆ ಸಿಟ್ಟಿರೋದು ಇಲ್ಲೇ. ಮನುಷ್ಯನ್ನ 1 ಕಿಲೋಮೀಟರಿಂದ ಪತ್ತೆ ಮಾಡತ್ತೆ ಅಂತ ಮಾರಿದವ್ನು ಹೇಳಿದ್ದ. ಲೆಕ್ಕ ಹಾಕಿ ನೋಡಿ, 24 ಡಿಗ್ರಿ ಅಗಲದ ನೋಟನ 320 ಪಿಕ್ಸೆಲ್‌ಗೆ ಹಂಚಿದ್ರೆ 1 ಕಿಲೋಮೀಟರಲ್ಲಿ ಒಂದು ಪಿಕ್ಸೆಲ್ ಅಂದ್ರೆ 1.3 ಮೀಟರ್. ನೆಟ್ಟಗೆ ನಿಂತ ಆಳು ಒಂದೂವರೆ ಪಿಕ್ಸೆಲ್! ಪತ್ತೆ ಅನ್ನೋ ಪದಕ್ಕೆ ಅವರ ಅರ್ಥ 'ಅಲ್ಲೇನೋ ಇದೆ' ಅಂತ ಅಷ್ಟೇ, ಅದು ಏನು ಅಂತ ಗುರುತು ಹಿಡಿಯೋಕೆ ಅದರ ನಾಲ್ಕು ಪಟ್ಟಾದ್ರೂ ಪಿಕ್ಸೆಲ್ ಬೇಕು. ನೀರಿಗೆ ಬಿದ್ದೋರದ್ದು ಬರೀ ತಲೆ ತಾನೇ ಮೇಲಿರೋದು, ಅದು 200 ಮೀಟರಲ್ಲಿ ಒಂದೇ ಒಂದು ಪಿಕ್ಸೆಲ್, ಅದೂ ಕೂದಲು ಒದ್ದೆಯಾಗಿ ತಣ್ಣಗಾಗಿರತ್ತೆ, ಅಲೆ ಅಡ್ಡ ಬರತ್ತೆ. ನಾವು ಒಬ್ಬ ಗೆಳೆಯನ್ನ ಲೈಫ್ ಜಾಕೆಟ್ ಹಾಕ್ಸಿ ಇಳಿಸಿ, ಜೊತೆಗೆ ಡಿಂಗಿ ಅನ್ನೋ ಪುಟ್ಟ ದೋಣಿ ನಿಲ್ಸಿ ಟ್ರಯಲ್ ನೋಡಿದ್ವಿ, 100 ಮೀಟರ್ ಒಳಗೆ ಚೆನ್ನಾಗಿ ಕಾಣ್ತಿದ್ದ, ಆಚೆಗೆ ಹೋದ್ರೆ ಅವನು ಇರೋ ಜಾಗ ಮೊದಲೇ ಗೊತ್ತಿದ್ದಕ್ಕೆ ಕಾಣ್ತಿದ್ದ ಅಷ್ಟೇ. ಆದ್ರೂ ಕತ್ತಲಲ್ಲಿ ಟಾರ್ಚ್ ಆಡಿಸೋದಕ್ಕಿಂತ ನೂರು ಪಾಲು ಮೇಲು, ಅದನ್ನ ಒಪ್ಪಲೇಬೇಕು.

ದಿನದ ಕಿರಿಕಿರಿಗಳು ಬೇರೆ ಇವೆ. ಆಗಾಗ ಒಳಗೆ ಟಿಕ್ ಅಂತ ಶಟರ್ ಬೀಳತ್ತೆ, ಪಿಕ್ಸೆಲ್‌ಗಳನ್ನೆಲ್ಲ ಒಂದೇ ಮಟ್ಟಕ್ಕೆ ತರೋಕೆ ಅದು ಬೇಕೇ ಬೇಕಂತೆ, ಚಿತ್ರ ಅರೆಕ್ಷಣ ನಿಲ್ಲತ್ತೆ, ಸರಿಯಾಗಿ ಏನೋ ಕಂಡಂಗಾದಾಗಲೇ ನಿಲ್ಲತ್ತೆ ಅಂತ ನನ್ನ ಅನುಮಾನ. ನಂದು 9 ಹರ್ಟ್ಸ್ ಮಾಡೆಲ್ಲು, ಅಂದ್ರೆ ಸೆಕೆಂಡಿಗೆ ಒಂಬತ್ತೇ ಚಿತ್ರ, ಬೋಟ್ ಹೊಯ್ದಾಡಿದ್ರೆ ಚಿತ್ರ ಎಳ್ಕೊಂಡು ಎಳ್ಕೊಂಡು ಬರತ್ತೆ, ಹತ್ತು ನಿಮಿಷಕ್ಕೆ ಹೊಟ್ಟೆ ತೊಳಸತ್ತೆ, 30 ಹರ್ಟ್ಸ್‌ದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಇನ್ನೊಂದು ಮುಖ್ಯ ವಿಷ್ಯ, ಬೇರೆ ಬೋಟ್‌ನ ಎಡಬಲ ತಿಳಿಸೋ ಕೆಂಪು ಹಸಿರು ದೀಪದ ಬಣ್ಣ ಇದರಲ್ಲಿ ಗೊತ್ತಾಗಲ್ಲ, ಎಂಜಿನ್ ಹೊಗೆ ಕೊಳವೆ ಬಿಳಿಯಾಗಿ ಕಾಣತ್ತೆ, ಆ ಬೋಟ್ ನಮ್ಮ ಕಡೆ ಬರ್ತಿದ್ಯಾ ಆ ಕಡೆ ಹೋಗ್ತಿದ್ಯಾ ಅಂತ ತಿಳಿಯೋಕೆ ತಲೆ ಎತ್ತಿ ಕಣ್ಣಲ್ಲೇ ನೋಡ್ಬೇಕು. ಮತ್ತೆ ಬ್ರೈಟ್‌ನೆಸ್ ಪೂರ್ತಿ ಇಳ್ಸಿ ಇಟ್ಕೊಳ್ಳಿ, ಇಲ್ಲಾಂದ್ರೆ ಸ್ಕ್ರೀನ್ ಬೆಳಕಿಗೇ ಕತ್ತಲಿಗೆ ಹೊಂದಿದ ಕಣ್ಣು ಹಾಳು.

ಅಂದ್ಕೊಳ್ಳದೇ ಇದ್ದ ಲಾಭ ಸಿಕ್ಕಿದ್ದು ಎಂಜಿನ್ ರೂಮಲ್ಲಿ. ಒಂದಿನ ಸುಮ್ನೆ ಬ್ಯಾಟರಿ ಕಡೆ ತಿರುಗ್ಸಿದ್ರೆ ಒಂದು ಕೇಬಲ್‌ನ ತುದಿ ಮಾತ್ರ ಕೆಂಡದ ಥರ, ನಟ್ಟು ಸಡಿಲ ಆಗಿ ಒಳಗೆ ತುಕ್ಕು. ಆದ್ರೆ ಹೊಳೆಯೋ ತಾಮ್ರ, ಸ್ಟೀಲು ಇದಕ್ಕೆ ಸುಳ್ಳು ಹೇಳತ್ತೆ, ಸುತ್ತಮುತ್ತ ಇರೋದ್ರ ಬಿಸೀನ ಪ್ರತಿಫಲಿಸಿ ತನ್ನ ನಿಜವಾದ ಬಿಸೀನ ಮುಚ್ಚಿಡತ್ತೆ. ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಸ್ವಲ್ಪ ಹೊತ್ತು ಬಿಟ್ಟು ಆ ಟೇಪ್ ಮೇಲಿನ ರೀಡಿಂಗ್ ನೋಡಿ, ಅದನ್ನ ನಂಬಬೋದು. ಕರೆಂಟ್ ಹರೀತಿರೋ ಕಡೆ ಅಂಟಿಸಕ್ಕೆ ಹೋಗ್ಬೇಡಿ ಮತ್ತೆ, ಮೊದಲು ಸ್ವಿಚ್ ಆಫ್ ಮಾಡಿ.

ಮೂರು ವರ್ಷಕ್ಕೆ ಬಾಡಿ ಗಟ್ಟಿಯಾಗೇ ಇದೆ, ಬ್ಯಾಟರಿ ಮಾತ್ರ ಮೊದಲಿನ ಅರ್ಧಕ್ಕೆ ಬಂದಿದೆ. ಲೆನ್ಸ್ ಮೇಲೆ ಉಪ್ಪು ಕೂತ್ರೆ ಚಿತ್ರ ಮಂಕಾಗತ್ತೆ, ಒಣ ಬಟ್ಟೇಲಿ ಉಜ್ಜಿದ್ರೆ ಉಪ್ಪಿನ ಹರಳೇ ಕೋಟಿಂಗ್ ಗೀರತ್ತೆ, ಅದಕ್ಕೆ ಮೊದಲು ಸಿಹಿನೀರು ಸುರಿದು ಆಮೇಲೆ ಒರೆಸ್ತೀನಿ. ರಬ್ಬರ್ ಮುಚ್ಚಳ ಮೊದಲನೇ ವರ್ಷಾನೇ ಸಮುದ್ರದ ಪಾಲಾಯ್ತು, ಈಗ ನನ್ನ ಒಂಟಿ ಸಾಕ್ಸ್ ಹಾಕಿಟ್ಟಿದ್ದೀನಿ, ಅದೇ ಚೆನ್ನಾಗಿ ಕೂರತ್ತೆ.