ಹೀಟ್ ಪಂಪ್ ಗೀಝರ್: ಕೆಟ್ಟದ್ದು ಗೊತ್ತಾಗಾಕ ಕರೆಂಟ್ ಬಿಲ್ಲ ಬರಬೇಕಾತು

ಗಾಳಿಯೊಳಗಿನ ಶಾಖಾ ತಗದು ನೀರು ಕಾಯಿಸೋ ಗೀಝರಿಗೆ ಹೀಟ್ ಪಂಪ್ ಅಂತಾರ. ಅದು ಕೆಟ್ಟರೂ ಬಿಸಿನೀರು ಬರತೈತಿ ನೋಡ್ರಿ, ಇದರಾಗಿನ ದೊಡ್ಡ ತಾಪತ್ರಯ ಅದ. ನಳಾ ತಿರುವಿದ್ರ ಮೊದಲಿನಂಗನ ಹೊಗಿ ಆಡೋ ನೀರು, ಮನ್ಯಾಗ ಎಲ್ಲಾರ ಜಳಕಾನೂ ಆಗತೈತಿ, ಮುಂದ ಡಿಸ್‌ಪ್ಲೇದಾಗ 50 ಅಂತ ತೋರಸತಿರತೈತಿ. ಒಳಗ ಮಾತ್ರ ಕಂಪ್ರೆಸರ್ ನಿಂತು ಹೋಗಿ, ಅದರ ಬದಲಿ ಬ್ಯಾಕಪ್ ಕಾಯಿಲ್ (ಸಾದಾ ಗೀಝರಿನಾಗ ಇರೋವಂಥಾ, ಕರೆಂಟಿನಿಂದ ನೀರು ಕಾಯಿಸೋ ಕಾಯಿಲ್) ಉರಿಯಾಕತ್ತಿರತೈತಿ. ಅಂದ್ರ ಲಕ್ಷದ ಹತ್ರ ರೊಕ್ಕಾ ಕೊಟ್ಟು ತಂದ ಮಷೀನು ಸಾದಾ ಗೀಝರ್ ಆಗಿ ಕುಂತಿರತೈತಿ, ಮತ್ತ ಆ ಸುದ್ದೀನ ನಿಮಗ ಯಾರೂ ಹೇಳೂದಿಲ್ಲ.

"ಇದು ಬಾಳಿಕೆ ಬರತೈತೇನ್ರಿ, ತಗೊಳ್ಳಬಹುದೇನ್ರಿ" ಅಂತ ಬಾಳ ಮಂದಿ ಕೇಳತಾರ. ನಮ್ಮಲ್ಲಿ ಕೂಡಿಸಿ ಮೂರು ಮಳಿಗಾಲ ಕಳದಾವು, ಈಗ ಬರದ್ರ ಏನಾರ ಅರ್ಥ ಇರತೈತಿ ಅಂತ ಬರಿಯಾಕ ಕುಂತೇನಿ. ಲೀಟರ್, ವಾಟ್, ಸ್ಟಾರ್ ಎಲ್ಲಾ ಅಂಗಡಿಯವರ ಪಾಂಪ್ಲೆಟ್‌ನಾಗ ಸಿಗತಾವು, ಅದನ್ನ ಬಿಡತೇನಿ. ನಮ್ದು 150 ಲೀಟರಿಂದು, ಟ್ಯಾಂಕು ಕಂಪ್ರೆಸರು ಎಲ್ಲಾ ಒಂದರಾಗ ಇರೋ ನಿಲ್ಲಸೋ ಮಾಡೆಲ್ಲು, ಹಿತ್ತಲ ಕಡಿ ಶೀಟ್ ಹಾಕಿದ ಜಾಗಾದಾಗ ಐತಿ. ಮನಿ ಧಾರವಾಡದಾಗ ಕೆಲಗೇರಿ ಕಡಿ. ಮನ್ಯಾಗ ಅವ್ವ ಅಪ್ಪ ಹಿಡದು ಐದು ಮಂದಿ.

ಇದಕ್ಕೂ ಮೊದಲು ಮಾಳಿಗಿ ಮ್ಯಾಲ ಸೋಲಾರ್ ಇತ್ತು. ಬ್ಯಾಸಗ್ಯಾಗ ಬೇಕಾದಷ್ಟು ಬಿಸಿನೀರು, ಆದ್ರ ಬ್ಯಾಸಗ್ಯಾಗ ಬಿಸಿನೀರು ಯಾರಿಗೆ ಬೇಕ್ರಿ. ನಮ್ಮ ಧಾರವಾಡದ ಮಳಿ ಗೊತ್ತಲ್ಲ, ಜೂನ್‌ದಾಗ ಹಿಡಕೊಂಡ್ರ ಸೆಪ್ಟೆಂಬರ್ ತನಕ ಜಿಟಿಜಿಟಿ, ವಾರಗಟ್ಟಲೆ ಸೂರ್ಯನ ಮುಖ ಕಾಣೂದಿಲ್ಲ. ಅದರಾಗ ಬೋರಿನ ನೀರಿಗೆ ಗಾಜಿನ ಟ್ಯೂಬಿನೊಳಗ ಸುಣ್ಣ ಕಟ್ಟಿ, ಕಡಿಕಡಿಗೆ ಬಿಸಲಿದ್ರೂ ನೀರು ಉಗುರು ಬೆಚ್ಚಗ ಅಷ್ಟ ಬರತಿತ್ತು. ಮಳಿಗಾಲ ಪೂರ್ತಿ ಬಚ್ಚಲದಾಗಿನ 25 ಲೀಟರ್ ಗೀಝರ್ ಮ್ಯಾಲನ ನಡೀತಿತ್ತು, ಬಿಲ್ ನೋಡಿದ್ರ ಎದಿ ಝಲ್ ಅಂತಿತ್ತು.

ಹೀಟ್ ಪಂಪಿಗೆ ಬಿಸಲು ಬ್ಯಾಡ, ಗಾಳಿ ಸಾಕು. ಫ್ರಿಜ್ ಒಳಗಿನ ಶಾಖಾ ತಗದು ಹಿಂದ ಹೊರಗ ಹಾಕತೈತಲ್ಲ, ಇದು ಹೊರಗಿನ ಗಾಳಿಯೊಳಗಿನ ಶಾಖಾ ತಗದು ನೀರಿಗೆ ಹಾಕತೈತಿ. ಕರೆಂಟ್ ಉರಿಯೂದು ಕಂಪ್ರೆಸರ್ ಮತ್ತ ಫ್ಯಾನ್ ತಿರುಗಸಾಕ ಅಷ್ಟ, ಅದಕ್ಕ ಒಂದು ಯೂನಿಟ್ ಕರೆಂಟ್‌ಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖಾ ಸಿಗತೈತಿ. ಲೆಕ್ಕಾ ಹಾಕ್ರಿ, ಒಂದು ಲೀಟರ್ ನೀರು ಒಂದು ಡಿಗ್ರಿ ಏರಾಕ 1.16 ವಾಟ್-ಅವರ್ ಬೇಕು, 150 ಲೀಟರ್ ನೀರು 22ರಿಂದ 50 ಡಿಗ್ರಿಗೆ ಏರಾಕ ಹತ್ರ ಹತ್ರ 5 ಯೂನಿಟ್. ಕಾಯಿಲ್‌ನಿಂದ ಕಾಯಿಸಿದ್ರ ಅಷ್ಟೂ 5 ಮೀಟರ್‌ನಾಗ ಓಡತೈತಿ, ಹೀಟ್ ಪಂಪಿನಾಗ 2ರ ಒಳಗ ಮುಗೀತೈತಿ. ತಿಂಗಳಿಗೆ ಹಿಡದ್ರ 150 ಎಲ್ಲಿ, 50-60 ಎಲ್ಲಿ. ಗೃಹಜ್ಯೋತಿ ಬಂದ ಮ್ಯಾಲಂತೂ ಇದು ಬರೇ ನೂರು ಯೂನಿಟ್ಟಿನ ಮಾತಲ್ಲ, ಯಾಕಂದ್ರ 200 ಯೂನಿಟ್ ದಾಟಿದ್ರ ಆ ತಿಂಗಳ ಬಿಲ್ ಪೂರ್ತಿ ನಾವ ಕಟ್ಟಬೇಕು. ನಮ್ಮಂಥ ಐದು ಮಂದಿ ಇರೋ ಮನಿ ಆ ಗೆರಿ ಮ್ಯಾಲನ ಇರತೈತಿ.

ಇಷ್ಟ ಲೆಕ್ಕಾ ಮಾಡಿ ತಂದದ್ದು. ಆದ್ರ ಮನಸ್ಸಿಗೆ ಹಿಡಸಿದ್ದು ಲೆಕ್ಕಾ ಅಲ್ಲ, ಅದರ ತಂಪು ಗಾಳಿ. ಮಷೀನು ನಡಿಯೋ ಮುಂದ ಒಂದು ಬಾಜೂದಿಂದ ತಂಪು ಗಾಳಿ ಹೊರಗ ಬಿಡತೈತಿ. ನಾನು ಟೈಮರ್ ಮಧ್ಯಾಹ್ನ ಎರಡರಿಂದ ಆರಕ್ಕ ಇಟ್ಟೇನಿ, ಗಾಳಿ ಬಿಸಿ ಇದ್ದಾಗ ಕೆಲಸ ಹಗುರ ಆಗತೈತಿ ಅಂತ. ಹಿಂಗಾಗಿ ಏಪ್ರಿಲ್ ಮೇ ತಿಂಗಳ ಸುಡು ಮಧ್ಯಾಹ್ನದಾಗ ಹಿತ್ತಲ ಆ ಮೂಲಿ ಒಂದಷ್ಟ ತಂಪ ಇರತೈತಿ. ಅವ್ವ ಅಲ್ಲೆ ಒಂದು ಸಣ್ಣ ಸ್ಟೂಲ್ ಹಾಕ್ಯಾಳ, ಅದರ ಮ್ಯಾಲ ಒಂದು ಬುಟ್ಟಿ, ಬುಟ್ಟ್ಯಾಗ ಹಸಿ ಅರಿವಿ ಸುತ್ತಿದ ಸವಣೂರ ಎಲಿ ಕಟ್ಟು. ಊಟ ಆದ ಮ್ಯಾಲ ಅರಿವಿ ಬಿಚ್ಚಿ, ಮ್ಯಾಲಿನ ಎಲಿ ಬಿಟ್ಟು ನಡಬರಕಿಂದೊಂದು ತಗದು, ತೊಟ್ಟು ಮುರದು, ಬೆನ್ನಿಗೆ ಸುಣ್ಣ ಸವರಿ, ಅಲ್ಲೇ ಗಾಳಿಗೆ ಕುಂತು ಹಾಕ್ಕೊಳ್ಳತಾಳ. ಫ್ರಿಜ್‌ನಾಗ ಇಟ್ಟ ಎಲಿ ಕರ್ರಗ ಆಗತಾವಂತ, ಇಲ್ಲೆ ಇಟ್ಟದ್ದು ಹಂಗ ಆಗೂದಿಲ್ಲಂತ. ಓಣಿಯೊಳಗಿನ ಇಬ್ಬರು ಅಕ್ಕಾರು ಮಧ್ಯಾಹ್ನ ಮಾತಾಡಾಕ ಈಗ ಅಲ್ಲೇ ಬರತಾರ.

ಇನ್ನೊಂದು, ಅದರಿಂದ ನೀರು ತೊಟ್ಟಿಕ್ಕತೈತಿ. ಗಾಳಿಯೊಳಗಿನ ಹಸಿ ತಣ್ಣನೆ ಕಾಯಿಲ್‌ಗೆ (ಬ್ಯಾಕಪ್ ಕಾಯಿಲ್ ಅಲ್ಲ, ಗಾಳಿಯಿಂದ ಶಾಖಾ ತಗೊಳ್ಳೋದು) ತಾಕಿ ನೀರಾಗಿ ಪೈಪಿನಿಂದ ಇಳೀತೈತಿ, ಮಳಿಗಾಲದಾಗಂತೂ ಕೆಳಗ ಇಟ್ಟ ಬಕೇಟ್‌ನಾಗ ಛಲೋ ನೀರು ಕೂಡತೈತಿ. ಸುಣ್ಣ ಇಲ್ಲದ ನೀರು. ಅಪ್ಪ ಅದನ್ನ ಕರಿಬೇವಿನ ಗಿಡಕ್ಕ, ತುಳಸಿಗೆ ಹಾಕತಾನ. ಇನ್ವರ್ಟರ್ ಬ್ಯಾಟರಿಗೆ ಹಾಕಬಹುದಲ್ಲ ಅಂತ ಕೆಲವರು ಅಂತಾರ, ದಯಮಾಡಿ ಹಾಕಬ್ಯಾಡ್ರಿ, ಕಾಯಿಲ್ ಮ್ಯಾಲಿನ ಧೂಳ ಎಲ್ಲಾ ತೊಳಕೊಂಡು ಬಂದಿರತೈತಿ ಅದು.

ಸಂಜಿ ಆರಕ್ಕ ಟ್ಯಾಂಕ್ ತುಂಬ 50 ಡಿಗ್ರಿ ನೀರು. ತಣ್ಣೀರು ಬೆರಸಿದ್ರ ಹತ್ತು ಹನ್ನೆರಡು ಬಕೇಟ್ ಆರಾಮ ಆಗತೈತಿ, ಅಪ್ಪಗ ಸಂಜಿ ಕಾಲು ತೊಳ್ಯಾಕ, ಹುಡುಗರು ಮಳ್ಯಾಗ ತೋಯಿಸಿಕೊಂಡು ಬಂದ್ರ ಅವರಿಗೆ, ಮುಂಜಾನೆ ಎಲ್ಲಾರ ಜಳಕಕ್ಕ. ಯಾರೂ ಸ್ವಿಚ್ ಹಾಕೂದಿಲ್ಲ, "ಗೀಝರ್ ಬಂದ್ ಮಾಡಿದೇನೋ" ಅಂತ ಬಾಗಲದಾಗಿಂದ ಒದರೂದಿಲ್ಲ. ಅವ್ವ ಹಂಡೇದ ಒಲಿ ಊದಿದಾಕಿ, ಆಕಿಗೆ ಇದು ಎಂಥಾ ಸುಖ ಅನ್ನೂದು ನಾನು ಕಣ್ಣಾರೆ ನೋಡೇನಿ.

ಹೋದ ವರ್ಷ ಶ್ರಾವಣದಾಗ ಬಿಲ್ ಬಂತು. ಸೊನ್ನೆ ಬರೋ ಜಾಗಾದಾಗ ಸಾವಿರದ ಮ್ಯಾಲಿನ ಅಂಕಿ, ಯೂನಿಟ್ ಇನ್ನೂರು ದಾಟಿತ್ತು. ಮೊದಲು ಫ್ರಿಜ್ ಮ್ಯಾಲ, ಆಮ್ಯಾಲ ಬೋರಿನ ಮೋಟರ್ ಮ್ಯಾಲ ಸಂಶಯ. ಹೀಟ್ ಪಂಪ್ ಕಡಿ ಯಾರ ಲಕ್ಷ್ಯಾನೂ ಹೋಗಲಿಲ್ಲ, ಯಾಕಂದ್ರ ನೀರು ಬಿಸಿ ಐತಿ, ಫ್ಯಾನೂ ತಿರಗತೈತಿ. ಅಪ್ಪನ ಅಂದಾ, "ಅಲ್ಲೋ, ಬಕೇಟ್ ಖಾಲಿ ಬಿದ್ದೈತಿ, ಇಂಥಾ ಮಳ್ಯಾಗ ನೀರ ಯಾಕ ಬೀಳವಲ್ದು?" ಹೋಗಿ ಗಾಳಿಗೆ ಕೈ ಹಿಡದ್ರ ಗಾಳಿ ಬರತಿತ್ತು, ತಂಪ ಇರಲಿಲ್ಲ. ಕಂಪ್ರೆಸರ್ ಗೂಂ ಅಂತ ಒಂದು ಸಲ ಎದ್ದು ಟಕ್ ಅಂತ ಬಂದ್ ಆಗತಿತ್ತು, ಸಲ್ಪ ಹೊತ್ತು ಬಿಟ್ಟು ಮತ್ತ ಹಂಗ. ಹೇಳಿದ ಹೊತ್ತಿಗೆ ನೀರು ಬಿಸಿ ಆಗಲಿಲ್ಲಂದ್ರ ತಾನ ಬ್ಯಾಕಪ್ ಕಾಯಿಲ್ ಚಾಲೂ ಮಾಡಬೇಕು ಅಂತ ಮಷೀನ್ ನಡಸೋ ಎಲೆಕ್ಟ್ರಾನಿಕ್ ಬೋರ್ಡಿಗೆ ಕಂಪನ್ಯಾಗ ಹಾಕಿ ಕಳಿಸ್ಯಾರ, ಅದು ಹಂಗ ಮಾಡಿತ್ತು. ಎರರ್ ಕೋಡ್ ಇಲ್ಲ, ಕೆಂಪು ಲೈಟ್ ಇಲ್ಲ. ಇದನ್ನ ನಾನು ದೊಡ್ಡ ತಪ್ಪು ಅಂತನ ಹೇಳತೇನಿ. ಕರೆಂಟ್ ಉಳಸಾಕ ಅಂತ ಮಾರಿದ ಸಾಮಾನು, ಕರೆಂಟ್ ಉಳಸೋ ಭಾಗ ನಿಂತಾಗ ಬಾಯಿ ಬಿಟ್ಟು ಹೇಳಬೇಕಿಲ್ಲೇನು?

ಆಮ್ಯಾಲಿಂದು ಸರ್ವಿಸ್ ಕಥಿ. ಕಂಪನಿ ಹೆಸರು ಇಲ್ಲೆ ಬ್ಯಾಡ. ಫೋನ್ ಮಾಡಿದ್ರ ಕಂಪ್ಲೇಂಟ್ ನಂಬರ್ ಬರತೈತಿ, ಮನಶ್ಯಾ ಬರೂದಿಲ್ಲ. ವಾರಗಟ್ಟಲೆ ಬೆನ್ನ ಹತ್ತಿದ ಮ್ಯಾಲ ಒಬ್ಬಾಂವ ಬಂದಾ, ಮ್ಯಾಲಿನ ಮುಚ್ಚಳಾನೂ ಬಿಚ್ಚಲಿಲ್ಲ, ಬಟನ್ ನಾಕ ಸಲ ಒತ್ತಿ "ಬೋರ್ಡ್ ಹೋಗೇತ್ರಿ ಸರ್, ಬೆಂಗಳೂರಿಂದ ತರಸಬೇಕು, ಅಡ್ವಾನ್ಸ್ ಹಾಕ್ರಿ" ಅಂದಾ. ಟ್ಯಾಂಕಿಗೆ, ಕಂಪ್ರೆಸರಿಗೆ ವಾರಂಟಿ ಇನ್ನೂ ಐತಿ, ಬೋರ್ಡಿಂದು ಮಾತ್ರ ಮುಗದಿತ್ತು. ಹತ್ತು ಸಾವಿರದ ಮ್ಯಾಲಿನ ಮಾತು. ನನಗ ಖರೇನ ಬಾಳ ಸಿಟ್ಟ ಬಂತು.

ಲೈನ್ ಬಜಾರ್ ಕಡಿ ಒಬ್ಬರು ಎಸಿ-ಫ್ರಿಜ್ ರಿಪೇರಿ ಮಾಡೋ ಹಿರ್‍ಯಾ ಮನಶ್ಯಾ ಅದಾರ, ಅವರನ್ನ ಕರಕೊಂಡು ಬಂದೆ. ಮೇನ್ ಬಂದ್ ಮಾಡಿಸಿ ಮುಚ್ಚಳ ತಗದ್ರು, ಟಾರ್ಚ್ ಹಾಕಿ ಒಂದು ಡಬ್ಬಿಯಂಥಾದು ತೋರಿಸಿದ್ರು. ಕಂಪ್ರೆಸರಿನ ಕೆಪಾಸಿಟರ್, ಕಂಪ್ರೆಸರ್ ಚಾಲೂ ಆಗಾಕ ನೂಕು ಕೊಡೋದು. ಮ್ಯಾಲ ಚಪ್ಪಟಿ ಇರಬೇಕಾದ್ದು ಪೂರಿಯಂಗ ಉಬ್ಬಿತ್ತು. ಕರೆಂಟ್ ಬಂದ್ ಇದ್ರೂ ಅದರಾಗ ಚಾರ್ಜ್ ಉಳದಿರತೈತಿ, ಅದಕ್ಕ ಮೊದಲು ಅದನ್ನ ಡಿಸ್ಚಾರ್ಜ್ ಮಾಡಿದ್ರು, ಆಮ್ಯಾಲ ಮೀಟರ್ ಹಿಡದ್ರು. ಮ್ಯಾಲ ಬರದ ಮೈಕ್ರೊಫ್ಯಾರಡ್‌ (ಕೆಪಾಸಿಟರಿನ ಅಳತಿ) ಅದರ ಅರ್ಧಾನೂ ತೋರಸಲಿಲ್ಲ. "ವೋಲ್ಟೇಜ್ ಏರಾಪೇರ ಆದ್ರ ಮೊದಲು ಹೋಗೂದ ಇದರೀ ಸರ್ರ, ಗ್ಯಾಸ್ ಏನೂ ಆಗಿಲ್ಲ, ಬೋರ್ಡ್ ಗಟ್ಟಿ ಐತಿ, ನಿಮ್ಮ ಮಷೀನ್ ಚಲೋ ಐತಿ" ಅಂದ್ರು. ಹೊಸಾದು ಹಾಕಿದ್ರು, ಸಾಮಾನು ಕೂಲಿ ಸೇರಿ ಐನೂರರ ಆಸುಪಾಸಿನಾಗ ಮುಗೀತು. ಕಂಪ್ರೆಸರ್ ಎದ್ದು ಎರಡು ಮೂರು ನಿಮಿಷಕ್ಕ ಗಾಳಿ ತಣ್ಣಗಾತು, ಸಂಜೀಕ ಪೈಪಿನ ತುದಿಗೆ ನೀರು ಬಂತು. ಅವತ್ತಿನಿಂದ ಇವತ್ತಿನ ತನಕ ಮತ್ತ ಏನೂ ಆಗಿಲ್ಲ. ಹೊರಗಿನವರು ಮುಟ್ಟಿದ್ದಕ್ಕ ಕಂಪ್ರೆಸರ್ ವಾರಂಟಿ ಹೋತು ಅಂತ ಕಂಪನಿಯವರು ಆಮ್ಯಾಲ ಮೆಸೇಜ್ ಹಾಕ್ಯಾರ, ಅದರ ಜಗಳ ಇನ್ನೂ ನಡದೈತಿ.

ಆ ಹಿರ್‍ಯಾರ ಮಾತಿನ ಮ್ಯಾಲ ನಾನೂ ವಿಚಾರ ಮಾಡೇನಿ, ಮಷೀನಿನ ಮ್ಯಾಲಿನ ಸಿಟ್ಟು ಇಳೀತು. ಗ್ಯಾಸ್, ಕಂಪ್ರೆಸರ್, ಕಾಯಿಲ್ ಇವು ಹೊಸಾವೇನಲ್ಲ, ಫ್ರಿಜ್‌ನಾಗ ಇರೂವ. ಜಪಾನದಾಗ 2001ರಿಂದ ಇಂಥಾ ಹೀಟರ್ ಮನಿಮನಿಗೆ ಮಾರಾಕತ್ತಾರ. ಥಂಡಿ ದೇಶದಾಗ ಹೊರಗಿನ ಕಾಯಿಲ್ ಮ್ಯಾಲ ಹಿಮ ಕಟ್ಟತೈತಿ, ಅದನ್ನ ಕರಗಸಾಕ ಮಷೀನು ಪದೇಪದೇ ಒದ್ದಾಡತೈತಿ. ನಮ್ಮ ಧಾರವಾಡದ ಡಿಸೆಂಬರ್ ಥಂಡ್ಯಾಗ ಮಧ್ಯಾಹ್ನ ಏನಿಲ್ಲಂದ್ರೂ 25 ಡಿಗ್ರಿ ಮ್ಯಾಲ ಇರತೈತಿ, ಹಿಮದ ಮಾತ ಇಲ್ಲ. ಕರಾವಳಿಯಂಗ ಉಪ್ಪಿನ ಗಾಳಿನೂ ಇಲ್ಲ. ಈ ಮಷೀನಿಗೆ ನಮ್ಮ ಹವಾ ಹೇಳಿ ಮಾಡಿಸಿದ್ದು, ಹೊಂದದ್ದು ನಮ್ಮ ವೋಲ್ಟೇಜು ಮತ್ತ ಬೋರಿನ ನೀರು.

ವೋಲ್ಟೇಜಿಗೆ ಸ್ಟೆಬಿಲೈಝರ್ ಹಾಕಿಸೇನಿ. ಎರಡನೇದ್ದು, ಸೆಟ್ಟಿಂಗ್‌ನಾಗ ಬ್ಯಾಕಪ್ ಕಾಯಿಲ್ ತಾನಾಗ ಚಾಲೂ ಆಗೋದನ್ನ ಪೂರ್ತಿ ಬಂದ್ ಮಾಡೇನಿ. ಕೇಳಿದವರು "ಹಂಗ್ಯಾಕ, ಕೆಟ್ಟಾಗ ನೀರ ಬರೂದಿಲ್ಲಲ್ಲ" ಅಂತಾರ. ಅದಕ್ಕನ ಮಾಡಿದ್ದು. ಕಂಪ್ರೆಸರ್ ನಿಂತ್ರ ಮರುದಿನ ಮುಂಜಾನೆ ತಣ್ಣೀರು ಬರತೈತಿ, ಅವತ್ತ ಗೊತ್ತಾಗತೈತಿ, ಬೇಕಂದ್ರ ಆವಾಗ ಕಾಯಿಲ್ ನಾವ ಹಚ್ಚಿಕೊಳ್ಳಬಹುದು. ವಾರಕ್ಕೊಮ್ಮೆ ಅಷ್ಟ, ಟ್ಯಾಂಕಿನಾಗ ಬ್ಯಾಕ್ಟೀರಿಯಾ ಬೆಳೀಬಾರದು ಅಂತ 60ಕ್ಕ ಇಟ್ಟು ಕಾಯಸತೇನಿ.

ಬೋರಿನ ನೀರಿಂದು ನಿಧಾನಕ್ಕ ಕೊಲ್ಲೋ ರೋಗ. ನಮ್ಮ ಓಣಿಗೆ ಮಲಪ್ರಭಾ ನೀರು ದಿನಾ ಬರೂದಿಲ್ಲ, ನಡುವಿನ ದಿನ ಎಲ್ಲಾ ಬೋರ್. ನಮ್ಮ ಮಾಡೆಲ್‌ನಾಗ ಶಾಖಾ ಕೊಡೋ ಕಾಯಿಲ್ ಟ್ಯಾಂಕಿನ ಹೊರಮೈಗೆ ಸುತ್ತಿರತೈತಿ, ನೀರಿನಾಗ ಮುಳುಗಿರೂದಿಲ್ಲ, ಅದಕ್ಕ ಸುಣ್ಣ ಕಟ್ಟೂದಿಲ್ಲ, ಇದು ದೊಡ್ಡ ಸಮಾಧಾನ. ಆದ್ರ ಟ್ಯಾಂಕ್ ಕಾಯೋ ಆನೋಡ್ ರಾಡ್ ಸವೀತೈತಿ. ಟ್ಯಾಂಕಿನ ಕಬ್ಬಿಣದ ಬದಲಿ ತಾ ಕರಗೂದ ಅದರ ಕೆಲಸ, ಅದು ಮುಗೀತಂದ್ರ ಆಮ್ಯಾಲ ಟ್ಯಾಂಕ್ ತೂತ ಬೀಳಾಕ ಸುರು. ಅದೇ ಹಿರ್‍ಯಾರು ಬಿಚ್ಚಿ ತೋರಿಸಿದ್ರು, ನೆಟ್ಟಗ ಬಟ್ಟಿನ ದಪ್ಪ ಇರಬೇಕಾದ್ದು ಅಲ್ಲಲ್ಲೆ ಕೊರದು, ನಡುವ ತಂತಿ ಕಾಣಾಕತ್ತಿತ್ತು. ಬದಲಿ ಮಾಡಿಸಿದ್ವಿ. ಇದನ್ನ ಯಾವ ಅಂಗಡಿಯವನೂ ಮಾರೋ ಮುಂದ ಹೇಳೂದಿಲ್ಲ.

ರೊಕ್ಕದ ಲೆಕ್ಕಾ ಹೇಳಬೇಕಂದ್ರ, ತಿಂಗಳಿಗೆ ನೂರು ಯೂನಿಟ್ ಉಳದ್ರೂ ಯೂನಿಟ್ಟಿಗೆ ಆರು ರೂಪಾಯಿ ಹಿಡದ್ರ ವರ್ಷಕ್ಕ ಏಳು ಸಾವಿರದ ಆಸುಪಾಸು. ಹಾಕಿದ ರೊಕ್ಕಾ ತಿರುಗಿ ಬರಾಕ ಹತ್ತು ವರ್ಷಕ್ಕೂ ಮ್ಯಾಲ ಬೇಕು, 200ರ ಗೆರಿ ದಾಟದಂಗ ನೋಡಿಕೊಂಡ ಮನಿಗೆ ಸಲ್ಪ ಬ್ಯಾಗ. ಅಷ್ಟು ವರ್ಷ ಮಷೀನು ಬದುಕಬೇಕು, ಟ್ಯಾಂಕ್ ಸೋರಬಾರದು. ಇಬ್ಬರ ಇರೋ ಮನಿಗೆ, ಬಾಡಿಗಿ ಮನಿಗೆ ನಾನು ಬ್ಯಾಡ ಅಂತನ ಹೇಳತೇನಿ, ಸಾದಾ ಗೀಝರ್ ಸಾಕು. ದೀಪಾವಳ್ಯಾಗ ನೀರು ತುಂಬೋ ಹಬ್ಬದ ಮರುದಿನ ಎಣ್ಣಿ ಜಳಕಕ್ಕ ಬೀಗರೆಲ್ಲಾ ಸೇರಿದ್ರ 150 ಲೀಟರ್ ಸಾಲೂದಿಲ್ಲ, ಮತ್ತ ಕಾಯಾಕ ನಾಕು ತಾಸು ಬೇಕು, ಆವತ್ತ ನಮ್ಮನ್ಯಾಗ ಹಂಡೇನ ಹಚ್ಚತೀವಿ.

ಐದಾರು ಮಂದಿ ಇರೋ ಸ್ವಂತ ಮನಿ, ಮಳಿಗಾಲದಾಗ ಸೋಲಾರ್ ಕೈ ಕೊಡತೈತಿ ಅನ್ನೋವರು ತಗೊಳ್ರಿ. ತಗೊಳ್ಳೋ ಮೊದಲು ಅಂಗಡ್ಯಾಗ ಮೂರ ಕೇಳ್ರಿ: ಹುಬ್ಬಳ್ಳಿ-ಧಾರವಾಡದಾಗ ಇದನ್ನ ಬಿಚ್ಚಿ ರಿಪೇರಿ ಮಾಡೋ ಮನಶ್ಯಾ ಯಾರು, ಬೋರ್ಡಿನ ವಾರಂಟಿ ಎಷ್ಟು ವರ್ಷ, ಬ್ಯಾಕಪ್ ಕಾಯಿಲ್ ಬಂದ್ ಮಾಡಾಕ ಬರತೈತೇನು. ಮೂರನೇದ್ದಕ್ಕ ಅಂವ ಉತ್ತರಾ ಕೊಡಲಿಲ್ಲಂದ್ರ ಬ್ಯಾರೆ ಅಂಗಡಿ ನೋಡ್ರಿ. ವಾರಂಟಿ ಜಗಳ ಏನಾತು ಅನ್ನೂದನ್ನ ದಸರಾ ಆದ ಮ್ಯಾಲ ಇಲ್ಲೇ ಬರೀತೇನಿ.